ತುರ್ತು ವಿಭಾಗದಲ್ಲಿ ರೋಗಿಯ ಮಾನ ಕಾಯುವುದು: ಟ್ರಾಲಿ ಒಳಬಂದ ಗಳಿಗೆಯಿಂದ ಹಂತ ಹಂತವಾಗಿ

ಬಟ್ಟೆ ಕತ್ತರಿಸುವ ಮುನ್ನ ಪರದೆ ಎಳೆಯಬೇಕು ಎಂಬುದು ತುರ್ತು ವಿಭಾಗದಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ತರಬೇತಿಯಲ್ಲಿ ಕೇಳಿದರೆ ಎಲ್ಲರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ಜೇವರ್ಗಿ ರಸ್ತೆಯ ಅಪಘಾತ, ಆಳಂದ ಕಡೆಯಿಂದ ಕೀಟನಾಶಕ ಕುಡಿದವರು, ಎದೆನೋವಿನ ಅಜ್ಜಿ ಹೀಗೆ ಮೂವರೂ ಹತ್ತು ನಿಮಿಷದ ಅಂತರದಲ್ಲಿ ಬಂದಿಳಿದರೆ ಪರದೆ ಗೋಡೆಯ ಪಕ್ಕದಲ್ಲೇ ಮಡಚಿಕೊಂಡು ನಿಂತಿರುತ್ತದೆ. ಅಪಘಾತವಾದ ಯುವಕ ಮೈಮೇಲೆ ನೂಲೆಳೆಯಿಲ್ಲದೆ ಊರ ಜನರ ಮುಂದೆ ಮಲಗಿರುತ್ತಾನೆ.

ಇದಕ್ಕೆ ಸಿಬ್ಬಂದಿಯ ಕಲ್ಲುಮನಸ್ಸೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಉಸಿರಾಟ ನೋಡಲು ಒಬ್ಬರಿರುತ್ತಾರೆ, ಕ್ಯಾನುಲಾ ಹಾಕಲು ಒಬ್ಬರಿರುತ್ತಾರೆ, ರಕ್ತದ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಓಡಲು ಒಬ್ಬರಿರುತ್ತಾರೆ. ಹೊದಿಸಲು ಮಾತ್ರ ಯಾರೂ ಇರುವುದಿಲ್ಲ. ಯಾರ ಪಾಲಿಗೂ ಬರದ ಕೆಲಸವನ್ನು ಎಲ್ಲರೂ ಆಮೇಲೆ ನೋಡೋಣ ಎಂದುಕೊಳ್ಳುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಹಾಗಾಗಿ ಯಾವ ಕೆಲಸ ಯಾವುದಕ್ಕಿಂತ ಮೊದಲು ಆಗಬೇಕು, ಯಾರ ಕೈಯಲ್ಲಿ ಆಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಾಲ್ಲೂಕು ಮತ್ತು ಬೋಧನಾ ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಾಧಿಕಾರಿಗಳು, ಇಂಟರ್ನ್‌ಗಳು, ವಾರ್ಡಿನ ಸಹಾಯಕರು ಇದರ ಓದುಗರು.

ಮೊದಲೇ ಒಂದು ಎಚ್ಚರಿಕೆ. ಇಲ್ಲಿನ ಯಾವ ಹಂತಕ್ಕಾಗಿಯೂ ಎದೆ ಒತ್ತುವುದನ್ನು, ಆಮ್ಲಜನಕವನ್ನು, ರಕ್ತಸ್ರಾವ ತಡೆಯುವುದನ್ನು ನಿಲ್ಲಿಸಬಾರದು. ಎಲ್ಲವೂ ಅದರ ಜೊತೆಜೊತೆಗೆ ಬೇರೊಂದು ಜೊತೆ ಕೈಗಳಿಂದ ಆಗಬೇಕಾದ ಕೆಲಸಗಳು.

ಕೈಗೆಟಕುವಂತೆ ಇರಬೇಕಾದ ಸಾಮಾನು

ಸ್ಟೋರಿನಲ್ಲಿ ಬೀಗ ಹಾಕಿಟ್ಟ ಚಾದರದಿಂದ ಪ್ರಯೋಜನವಿಲ್ಲ. ಟ್ರಾಲಿ ನಿಲ್ಲುವ ಜಾಗದ ಪಕ್ಕದಲ್ಲೇ ಒಂದು ಬುಟ್ಟಿ ಇಡಿ. ಅದರಲ್ಲಿ ಹತ್ತಿ ಚಾದರಗಳು, ಮುಂದೆ ತೆರೆಯುವ ಗೌನುಗಳು, ನಾಲ್ಕೈದು ಲುಂಗಿ ಮತ್ತು ನೈಟಿ, ಮೊಂಡು ತುದಿಯ ಬ್ಯಾಂಡೇಜ್ ಕತ್ತರಿ, ಬಟ್ಟೆ ತುಂಬಲು ಪ್ಲಾಸ್ಟಿಕ್ ಚೀಲ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು) ಪ್ರಕರಣಗಳಿಗೆ ಕಾಗದದ ಚೀಲ, ಒಡವೆಗೆ ಸಣ್ಣ ಲಕೋಟೆ, ಕೈಪಟ್ಟಿ, ದಪ್ಪ ಮೊನೆಯ ಪೆನ್ನು, ಒದ್ದೆ ಮಾಡಿ ಒರೆಸಲು ಗಾಜ್ ಬಟ್ಟೆ ಇರಲಿ. ಬೆಡ್‌ಪ್ಯಾನ್, ಯೂರಿನಲ್ ಎರಡೂ ಅಲ್ಲೇ ಇರಬೇಕು. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಬೇರೆ ಯಾರೂ ಒಯ್ಯದಂತೆ ಕಾಯ್ದಿರಿಸಿ. ಅವು ಏಕೆ ಬೇಕೆಂಬುದು ಒಂಬತ್ತನೆಯ ಹಂತದಲ್ಲಿ ತಿಳಿಯುತ್ತದೆ.

ಪರದೆಯ ಚಕ್ರ ತಿರುಗುತ್ತದೆಯೇ ಎಂದು ಪಾಳಿಯ ಆರಂಭದಲ್ಲಿ ತಳ್ಳಿ ನೋಡಿ. ಎಳೆದರೆ ಕಿರುಗುಟ್ಟಿ ಅರ್ಧಕ್ಕೆ ನಿಲ್ಲುವ ಪರದೆಯನ್ನು ಅವಸರದಲ್ಲಿ ಯಾರೂ ಎಳೆಯುವುದಿಲ್ಲ.

ಹಂತ 1: ಪಾಳಿ ಶುರುವಾಗುವಾಗಲೇ ಒಬ್ಬರನ್ನು ಗೊತ್ತುಮಾಡಿ

ಪಾಳಿ ವಹಿಸಿಕೊಳ್ಳುವಾಗ ಆಮ್ಲಜನಕದ ಸಿಲಿಂಡರ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಲೆಕ್ಕ ಹಾಕುವಂತೆಯೇ ಈ ಪಾಳಿಯಲ್ಲಿ ಪರದೆ, ಹೊದಿಕೆ, ಹೆಸರು ಈ ಮೂರರ ಹೊಣೆ ಯಾರದು ಎಂದು ಬಾಯಿಬಿಟ್ಟು ಹೇಳಿ. ಅವರು ಹಿರಿಯರೇ ಆಗಬೇಕೆಂದಿಲ್ಲ. ಚುರುಕಾದ ವಾರ್ಡ್ ಸಹಾಯಕಿ ಇದ್ದರೆ ಸಾಕು. ಟ್ರಾಲಿ ಬಂದೊಡನೆ ಪರದೆ ಎಳೆಯುವುದು, ಹೊದಿಸುವುದು, ಕಳಚಿದ ಬಟ್ಟೆ ಚೀಲಕ್ಕೆ ಹಾಕುವುದು, ರೋಗಿಯ ತಲೆಯ ಬಳಿ ನಿಂತು ಮಾತನಾಡಿಸುವುದು ಅವರ ಕೆಲಸ.

ಸಾಮಾನ್ಯ ತಪ್ಪು: ಎಲ್ಲರೂ ಸೇರಿ ನೋಡಿಕೊಳ್ಳೋಣ ಎನ್ನುವುದು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

ಹಂತ 2: ಮೊದಲ ಅರ್ಧ ನಿಮಿಷದಲ್ಲಿ ಹೆಸರು, ಮಾತು, ಸ್ಪರ್ಶ

ರೋಗಿಗೆ ಎಚ್ಚರವಿರಲಿ, ಇಲ್ಲದಿರಲಿ, ಮೈ ಮುಟ್ಟುವ ಮುನ್ನ ಹೆಸರು ಹಿಡಿದು ಕರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ವಯಸ್ಸಿಗೆ ತಕ್ಕಂತೆ ಯಪ್ಪಾ, ಯವ್ವಾ, ಅಣ್ಣ, ಅಕ್ಕ, ಚಾಚಾ, ಅಮ್ಮಾಜಿ ಎನ್ನಿ. ತಾಂಡಾದಿಂದ ಬಂದ ತಾಯಿಯನ್ನು ಯಾಡಿ ಎಂದು ಕರೆದರೆ ಬಿಗಿದ ಮುಖ ಸಡಿಲವಾಗುವುದನ್ನು ನೀವೇ ನೋಡಬಹುದು. ನಮ್ಮ ಭಾಗದಲ್ಲಿ ಅಜ್ಜನೊಂದಿಗೂ ಅಕ್ಕರೆಯಿಂದ ಏಕವಚನದಲ್ಲಿ ಮಾತನಾಡುವ ರೂಢಿ ಇದೆ ನಿಜ. ಆದರೆ ಆ ಸಲಿಗೆ ಮನೆಯದು. ಬಿಳಿ ಕೋಟಿನ ಇಪ್ಪತ್ತಮೂರರ ಹುಡುಗ ಎಪ್ಪತ್ತರ ರೈತನನ್ನು ಏಕವಚನದಲ್ಲಿ ಗದರಿದರೆ ಅದಕ್ಕೆ ಅಕ್ಕರೆಯ ಅರ್ಥ ಬರುವುದಿಲ್ಲ. ಬಹುವಚನದಲ್ಲೇ ಮಾತನಾಡಿ.

ಮಾಡಲಿರುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ: "ಯಪ್ಪಾ, ದವಾಖಾನೆಗೆ ಬಂದಿದ್ದೀರಿ. ಕೈಗೆ ಸೂಜಿ ಹಾಕುತ್ತಿದ್ದೇನೆ, ಚುಚ್ಚುತ್ತದೆ." ಪ್ರಜ್ಞೆ ಇಲ್ಲದಂತೆ ಕಾಣುವವರಿಗೂ ಇದನ್ನೇ ಹೇಳಿ. ಮಾತನಾಡಲು ಆಗದವರಿಗೆಲ್ಲ ಕಿವಿಯೂ ಕೇಳುವುದಿಲ್ಲ ಎಂದು ತಿಳಿಯಬಾರದು. ಪಾರ್ಶ್ವವಾಯು ಬಡಿದವರಲ್ಲಿ ಎಷ್ಟೋ ಮಂದಿಗೆ ನಾವಾಡುವ ಮಾತೆಲ್ಲ ಅರ್ಥವಾಗುತ್ತಿರುತ್ತದೆ, ಉತ್ತರ ಮಾತ್ರ ಬಾಯಿಗೆ ಬರುವುದಿಲ್ಲ.

ಭಾಷೆಯನ್ನು ಆಗಲೇ ಕೇಳಿಕೊಳ್ಳಿ. ಗುರುಮಠಕಲ್, ಸೇಡಂ ಕಡೆಯವರಿಗೆ ತೆಲುಗು, ಔರಾದ್, ಭಾಲ್ಕಿ ಕಡೆಯವರಿಗೆ ಮರಾಠಿ, ಊರೂರಲ್ಲೂ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಸಿಬ್ಬಂದಿಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಜೊತೆಗೆ ಬಂದ ಶಾಲೆಯ ಹುಡುಗನನ್ನು ದುಭಾಷಿ ಮಾಡಬೇಡಿ. ತಾಯಿಯ ಗರ್ಭಸ್ರಾವದ ಪ್ರಶ್ನೆಯನ್ನು ಹತ್ತು ವರ್ಷದ ಮಗನ ಬಾಯಿಂದ ಕೇಳಿಸಿದರೆ ಆಕೆ ಸುಳ್ಳು ಹೇಳುತ್ತಾಳೆ, ಅದರ ಮೇಲೆ ನಿಮ್ಮ ಚಿಕಿತ್ಸೆಯೂ ದಾರಿ ತಪ್ಪುತ್ತದೆ.

ಎಚ್ಚರಿಕೆಯ ಗುರುತು: ವಾರ್ಡಿನಲ್ಲಿ "ಪಾಯಿಸನ್ ಕೇಸ್ ಎಲ್ಲಿ?", "ಹಾವಿನದ್ದು ಬಂತಾ?", "ಕುಡುಕನನ್ನು ಆ ಕಡೆ ತಳ್ಳು" ಎಂಬ ಮಾತುಗಳು ಕೇಳಿಬರುತ್ತಿವೆಯೇ? ಕೊನೆಯದು ಅವಮಾನದ ಜೊತೆಗೆ ಅಪಾಯವೂ ಹೌದು. ಹೆಂಡದ ವಾಸನೆ ಬಂದ ಮಾತ್ರಕ್ಕೆ ಮೂಲೆಗೆ ತಳ್ಳಿದವರಿಗೆ ತಲೆಯೊಳಗೆ ರಕ್ತಸ್ರಾವವಾಗಿರಬಹುದು, ಸಕ್ಕರೆ ಪ್ರಮಾಣ ಇಳಿದಿರಬಹುದು. ಎಚ್ಚರ ತಪ್ಪಿದ ಪ್ರತಿಯೊಬ್ಬರಿಗೂ ಗ್ಲುಕೋಮೀಟರ್ ಹಚ್ಚಿ, ತಲೆಯ ಮೇಲೆ ಕೈಯಾಡಿಸಿ ಗಾಯ ಹುಡುಕಿ.

ಹಂತ 3: ಜನವನ್ನು ಸರಿಸುವುದು, ಮೊಬೈಲ್ ಇಳಿಸುವುದು

ಹಳ್ಳಿಯಿಂದ ಬರುವ ರೋಗಿಯೊಂದಿಗೆ ಒಂದು ಕ್ರೂಸರ್ ತುಂಬ, ಹಿಂದೆ ಎರಡು ಟಂಟಂ ತುಂಬ ಜನ ಬರುತ್ತಾರೆ. ಅವರು ಅಕ್ಕರೆಯಿಂದಲೇ ಬಂದವರು. ಹೊರಗೆ ನಡೆಯಿರಿ ಎಂದು ಗದರಿದರೆ ಇನ್ನಷ್ಟು ಒಳಗೆ ನುಗ್ಗುತ್ತಾರೆ. ರೋಗಿಯ ಬಗ್ಗೆ ಹೆಚ್ಚು ತಿಳಿದ ಒಬ್ಬರನ್ನು ಮಾತ್ರ ಒಳಗೆ ಉಳಿಸಿಕೊಳ್ಳಿ. ಉಳಿದವರಲ್ಲಿ ಹಿರಿಯರೊಬ್ಬರನ್ನು ಆರಿಸಿ, "ಕಾಕಾ, ಇವರನ್ನೆಲ್ಲ ಹೊರಗೆ ಕೂರಿಸುವ ಜವಾಬ್ದಾರಿ ನಿಮ್ಮದು. ಇಪ್ಪತ್ತು ನಿಮಿಷಕ್ಕೆ ಬಂದು ನಿಮಗೇ ಸುದ್ದಿ ಹೇಳುತ್ತೇನೆ" ಎನ್ನಿ. ಇಪ್ಪತ್ತು ನಿಮಿಷಕ್ಕೆ ಹೋಗಿ ಹೇಳಿ. ಹೊಸ ಸುದ್ದಿ ಏನೂ ಇಲ್ಲದಿದ್ದರೂ ಹೋಗಿ. ಬಾಗಿಲಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲು ಚಿಕಿತ್ಸೆಯ ಮೇಲಿನ ಸಿಟ್ಟಿನಿಂದ ಶುರುವಾಗುವುದಿಲ್ಲ, ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದ ಸಂಕಟದಿಂದ ಶುರುವಾಗುತ್ತವೆ.

ವಿಡಿಯೊ ತೆಗೆಯುವವರ ಕೈ ಹಿಡಿದು ಕಿತ್ತುಕೊಳ್ಳಬೇಡಿ. ರೋಗಿಗೂ ಕ್ಯಾಮೆರಾಕ್ಕೂ ನಡುವೆ ಚಾದರ ಹಿಡಿದು ನಿಂತು, ಮೊಬೈಲ್ ಇಳಿಸುವಂತೆ ಹೇಳಿ. ನಿಯಮ ಸಿಬ್ಬಂದಿಗೂ ಅಷ್ಟೇ. ಅಪರೂಪದ ಎಕ್ಸ್‌ರೇ, ಹಾವು ಕಚ್ಚಿದ ಕಾಲು, ಸುಟ್ಟ ಮುಖ ಇವನ್ನು ಸ್ನೇಹಿತರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಚಾಳಿ ನಿಲ್ಲಬೇಕು. ಹಿರಿಯ ವೈದ್ಯರ ಸಲಹೆಗಾಗಿ ಕಳುಹಿಸಲೇಬೇಕಾದರೆ ಮುಖ, ಹೆಸರು, ಹಚ್ಚೆ ಕಾಣದಂತೆ ತೆಗೆದು ಅವರೊಬ್ಬರಿಗೇ ಕಳುಹಿಸಿ, ಆಮೇಲೆ ಅಳಿಸಿ.

ಹಂತ 4: ಬಟ್ಟೆ, ಒಡವೆ, ಧರಿಸಿದ ದೇವರು

ಅತಿ ಹೆಚ್ಚು ತಪ್ಪುವ ಜಾಗ ಇದೇ. ಕ್ರಮ ಹೀಗಿರಲಿ: ಪರದೆ, ಆಮೇಲೆ ಮೇಲೊಂದು ಚಾದರ, ಆಮೇಲೆ ಚಾದರದ ಅಡಿಯಲ್ಲಿ ಕತ್ತರಿ. ಒಂದು ಸಲಕ್ಕೆ ಮೈಯ ಒಂದು ಭಾಗವನ್ನಷ್ಟೇ ತೆರೆಯಿರಿ. ಎದೆ ನೋಡಿದ ಮೇಲೆ ಎದೆ ಮುಚ್ಚಿ ಹೊಟ್ಟೆ, ಹೊಟ್ಟೆ ಮುಚ್ಚಿ ಕಾಲು. ತೀವ್ರ ಅಪಘಾತದಲ್ಲಿ ಇಡೀ ಮೈ ನೋಡಲೇಬೇಕು, ಬೆನ್ನು ಮಗುಚಿ ನೋಡಲೇಬೇಕು. ಅದು ಮುಗಿದ ಕೂಡಲೇ ಹೊದಿಸಿ. ಗಾಯಾಳುವಿನ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗಿ ರಕ್ತಸ್ರಾವ ಹೆಚ್ಚುತ್ತದೆ. ಹೊದಿಸುವುದು ಚಿಕಿತ್ಸೆಯ ಭಾಗವೇ.

ಹೊಲಿಗೆಯ ಸಾಲಿನಲ್ಲೇ ಕತ್ತರಿಸಿ. ಚೂರಿಯ ತೂತು, ಗುಂಡಿನ ತೂತು ಇರುವ ಜಾಗದಲ್ಲಿ ಕತ್ತರಿ ಆಡಿಸಬೇಡಿ, ಅದು ಸಾಕ್ಷ್ಯ; ಅಂಥ ಬಟ್ಟೆ ಕಾಗದದ ಚೀಲಕ್ಕೆ ಹೋಗಬೇಕು. ಬುರ್ಖಾಕ್ಕೆ ಮುಂದೆ ಗುಂಡಿಯೋ ಜಿಪ್ಪೋ ಇದ್ದರೆ ಬಿಚ್ಚಿದರೆ ಸಾಕು, ಕುತ್ತಿಗೆಗೆ ಪೆಟ್ಟಿಲ್ಲದಿದ್ದರೆ ತಲೆಯ ಬಟ್ಟೆ ಹಾಗೇ ಇರಲಿ. ಲಂಬಾಣಿ ಹೆಣ್ಣುಮಕ್ಕಳ ಕಸೂತಿ ರವಿಕೆ ಕಾಂಚಳಿಗೆ ಬೆನ್ನ ಹಿಂದೆ ದಾರದ ಗಂಟುಗಳಿರುತ್ತವೆ. ಪೆಟ್ಟು ಬೆನ್ನಿಗೆ ಆಗದಿದ್ದರೆ ಗಂಟು ಬಿಚ್ಚಿದರೆ ಸಾಕು. ತಿಂಗಳುಗಟ್ಟಲೆ ಕೂತು ಕಸೂತಿ ಹಾಕಿದ ಬಟ್ಟೆಯನ್ನು ನಡುವೆ ಸೀಳಬೇಕಾಗಿಲ್ಲ. ಕೂದಲಿಗೆ ಹೆಣೆದ ಬೆಳ್ಳಿಯನ್ನು ತಲೆಯ ಸ್ಕ್ಯಾನ್ ಇದ್ದರೆ ಮಾತ್ರ ತೆಗೆಯಿರಿ, ಸಾಧ್ಯವಾದರೆ ಅವರ ಮನೆಯ ಹೆಂಗಸರ ಕೈಯಿಂದಲೇ ತೆಗೆಸಿ.

ಇಷ್ಟಲಿಂಗದ ವಿಷಯದಲ್ಲಿ ಹೊಸಬರು ತಬ್ಬಿಬ್ಬಾಗುತ್ತಾರೆ. ಎದೆಯ ಮೇಲೆ ಶಿವದಾರದಲ್ಲಿ ಕಟ್ಟಿದ ಕರಡಿಗೆ, ಅಂದರೆ ಲಿಂಗವಿರುವ ಪುಟ್ಟ ಭರಣಿ, ಇಸಿಜಿಗೂ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಪ್ಯಾಡಿಗೂ ಅಡ್ಡ ಬರುತ್ತದೆ. ಅವಸರವಿದ್ದಾಗ ದಾರ ಕತ್ತರಿಸುವ ಅಗತ್ಯವೇ ಇಲ್ಲ, ಪ್ಯಾಡಿಗೆ ತಾಗದಂತೆ ಭುಜದ ಕಡೆಗೆ ಸರಿಸಿದರೆ ಸಾಕು. ತಾಳಿ, ತಾಯತಕ್ಕೂ ಇದೇ ಕ್ರಮ. ತೆಗೆಯಲೇಬೇಕಾದಾಗ "ನಿಮ್ಮ ಲಿಂಗವನ್ನು ಬಿಚ್ಚಿ ನಿಮ್ಮ ಮಗನ ಕೈಗೆ ಕೊಡುತ್ತಿದ್ದೇನೆ" ಎಂದು ರೋಗಿಗೆ ಹೇಳಿ, ಮನೆಯವರ ಕೈಗೇ ಇಡಿ. ಯಾರೂ ಇಲ್ಲದಿದ್ದರೆ ಶುಭ್ರ ಬಟ್ಟೆಯಲ್ಲಿ ಸುತ್ತಿ ರೋಗಿಯ ತೋಳಿಗೆ ಕಟ್ಟಿ. ಅದನ್ನು ಚಪ್ಪಲಿ, ರಕ್ತದ ಬಟ್ಟೆ ಇರುವ ಚೀಲಕ್ಕೆ ಹಾಕುವುದು ಕೂಡದು. ಬೀದರಿನ ನಾನಕ್ ಝೀರಾಕ್ಕೆ ಬರುವ ಸಿಖ್ ಯಾತ್ರಿಕರ ಪೇಟಾ ಬಿಚ್ಚಬೇಕಾದರೆ ತಲೆಗೆ ಬೇರೊಂದು ಬಟ್ಟೆ ಹೊದಿಸಿ. ತಲೆಗಾಯಕ್ಕೆ ಹೊಲಿಗೆ ಹಾಕುವಾಗ ಕೇಳದೆ ಕೂದಲು ಬೋಳಿಸಬೇಡಿ.

ಹಾವು ಕಚ್ಚಿದವರಲ್ಲಿ ಮಾತ್ರ ತಡ ಮಾಡುವಂತಿಲ್ಲ. ಬಾವು ಏರುವ ಮೊದಲೇ ಆ ಕೈಕಾಲಿನ ಉಂಗುರ, ಬಳೆ, ಕಾಲುಂಗುರ, ಕಡಗ ಹೊರಬರಬೇಕು. ಕಾಲುಂಗುರ ತೆಗೆಯಲು ಹಿಂಜರಿಯುವ ಗೃಹಿಣಿಗೆ ಬೆರಳು ಉಳಿಯಬೇಕೆಂಬ ಕಾರಣ ಹೇಳಿದರೆ ತಾನೇ ಕಾಲು ಮುಂದೆ ಚಾಚುತ್ತಾಳೆ.

ಒಡವೆಗಳನ್ನು ಇಬ್ಬರ ಮುಂದೆ ಎಣಿಸಿ, ಲಕೋಟೆಯಲ್ಲಿ ಹಾಕಿ, ರಿಜಿಸ್ಟರಿನಲ್ಲಿ ಬರೆದು ಇಬ್ಬರ ಸಹಿ ಪಡೆಯಿರಿ. ಚಿನ್ನ ಎಂದು ಬರೆಯದೆ "ಹಳದಿ ಲೋಹದ ಸರ, ಒಂದು" ಎಂದು ಬರೆಯುವ ರೂಢಿ ಒಳ್ಳೆಯದು.

ಸಾಮಾನ್ಯ ತಪ್ಪು: ಸಂಕೋಚವನ್ನೇ ಮರ್ಯಾದೆ ಎಂದುಕೊಳ್ಳುವುದು. ಎದೆನೋವೆಂದು ಬಂದ ಹೆಂಗಸಿನ ಇಸಿಜಿಯನ್ನು ನಾಚಿಕೆಯಿಂದ ತಡಮಾಡುವುದು, ಸ್ತನದ ಕೆಳಗೆ ಬರಬೇಕಾದ ತಂತಿಯನ್ನು ಸೀರೆಯ ಅಂಚಿನಲ್ಲೇ ಎಲ್ಲೋ ಅಂಟಿಸುವುದು ಆಕೆಗೆ ಮಾಡುವ ಅನ್ಯಾಯ. ಎದೆನೋವಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮಹಿಳಾ ಸಿಬ್ಬಂದಿ ಚಾದರದ ಅಡಿಯಲ್ಲಿ ಕೈ ಹಾಕಿ ಸರಿಯಾದ ಜಾಗ ಮುಟ್ಟಿ ನೋಡಿಯೇ ಅಂಟಿಸಲಿ.

ಹಂತ 5: ಒಪ್ಪಿಗೆ

ಎಚ್ಚರವಿರುವ ವಯಸ್ಕರ ಒಪ್ಪಿಗೆ ಅವರದೇ. ಮದುವೆಯಾದ ಹೆಂಗಸಿನ ಚಿಕಿತ್ಸೆಗೆ ಗಂಡನ ಸಹಿ ಬರುವವರೆಗೆ ಕಾಯಬೇಕೆಂಬ ಕಾನೂನಿಲ್ಲ. ಎಚ್ಚರವಿಲ್ಲದಿದ್ದರೆ, ಸಂಬಂಧಿಕರೂ ಸಿಗದಿದ್ದರೆ, ಜೀವ ಉಳಿಸಲು ಸದುದ್ದೇಶದಿಂದ ಮಾಡುವ ಚಿಕಿತ್ಸೆಗೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಸೆಕ್ಷನ್ ರಕ್ಷಣೆ ಕೊಡುತ್ತದೆ. ಪೊಲೀಸರು ಬರಲಿ, ಮೆಮೊ ಆಗಲಿ ಎಂದು ಕೈಕಟ್ಟಿ ನಿಲ್ಲುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಗಾಯಾಳುವನ್ನು ಹೊತ್ತು ತಂದ ದಾರಿಹೋಕರನ್ನು ಹೆಸರು, ವಿಳಾಸ ಹೇಳುವಂತೆ ಒತ್ತಾಯಿಸುವಂತಿಲ್ಲ.

ಹೆಬ್ಬೆಟ್ಟು ಒತ್ತಿಸುವ ಮೊದಲು ಅರ್ಜಿಯಲ್ಲಿ ಏನಿದೆ ಎಂದು ಅವರ ಭಾಷೆಯಲ್ಲಿ ಓದಿ ಹೇಳಿ. ಬೆರಳು ಹಿಡಿದು ಒತ್ತಿ, ಶಾಯಿ ಒರೆಸದೆ ಬಿಟ್ಟು ಹೋಗುವುದು ನೋಡಲೂ ಸಂಕಟ. ಒರೆಸಲು ಹತ್ತಿ ಕೊಡಿ.

ಹಂತ 6: ವಿಷ ಕುಡಿದವರು

ತೊಗರಿ, ಹತ್ತಿ ಬೆಳೆಯುವ ನಮ್ಮ ಮೂರೂ ಜಿಲ್ಲೆಗಳಲ್ಲಿ ಕೀಟನಾಶಕದ ಬಾಟಲಿ ಇಲ್ಲದ ಮನೆ ಕಡಿಮೆ. ಹಾಗಾಗಿ ಈ ಹಂತವನ್ನು ಬಿಡಿಸಿ ಹೇಳಬೇಕು.

ಚರ್ಮದ ಮೂಲಕವೂ ಒಳಹೋಗುವ ವಿಷವಾದ್ದರಿಂದ ಬಟ್ಟೆ ಪೂರ್ತಿ ತೆಗೆದು, ಕೂದಲು ಸಮೇತ ಸಾಬೂನು ನೀರಿನಿಂದ ತೊಳೆಯಬೇಕು. ಕೈಗವಸು ಹಾಕಿಕೊಂಡ ಇಬ್ಬರು, ಪರದೆಯ ಒಳಗೆ, ಮೇಲ್ಭಾಗ ತೊಳೆಯುವಾಗ ಕೆಳಭಾಗ ಮುಚ್ಚಿ, ಕೆಳಭಾಗ ತೊಳೆಯುವಾಗ ಮೇಲ್ಭಾಗ ಮುಚ್ಚಿ ತೊಳೆಯಿರಿ. ಹೊರಗೆ ಗಿಡದ ಪಕ್ಕ ಮಲಗಿಸಿ ಪೈಪಿನಿಂದ ನೀರು ಬಿಡುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ತೊಳೆದ ಬಳಿಕ ಒಣ ಲುಂಗಿ ಅಥವಾ ನೈಟಿ. ಬಿಚ್ಚಿದ ಬಟ್ಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ.

ಪ್ರಶ್ನೆ ಕೇಳುವವರು ಒಬ್ಬರೇ ಇರಲಿ. ಯಾವ ಕೀಟನಾಶಕ, ಎಷ್ಟು, ಎಷ್ಟು ಹೊತ್ತಿಗೆ, ಬಾಟಲಿ ಎಲ್ಲಿದೆ ಎಂಬ ನಾಲ್ಕು ಪ್ರಶ್ನೆ ಸಾಕು. ಏಕೆ ಕುಡಿದಿರಿ ಎಂಬುದು ಈ ಹೊತ್ತಿನ ಚಿಕಿತ್ಸೆಗೆ ಬೇಡ. ಆದರೂ ಆಂಬುಲೆನ್ಸ್ ಚಾಲಕನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅದನ್ನೇ ಕೇಳುತ್ತಾರೆ, ಬಾಯಲ್ಲಿ ನೊರೆ ಇರುವ ಮನುಷ್ಯ ಸಾಲದ ಕಥೆ ಹೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಮರುದಿನ ಆಪ್ತಸಮಾಲೋಚಕರು ಏಕಾಂತದಲ್ಲಿ ಕೇಳಲಿ. ಬಿಡುಗಡೆಯ ಚೀಟಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಿ.

ಪೊಲೀಸ್ ಕೇಸ್ ಆಗುತ್ತದೆ ಎಂದು ಬೆದರಿಸುವುದು ತಪ್ಪು. ಎಂಎಲ್‌ಸಿ ಮಾಹಿತಿ ಹೋಗುವುದು ಬೇರೆ ಮಾತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಸೆಕ್ಷನ್ ಹೇಳುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಬುದ್ಧಿ ಬರಲಿ ಎಂದು ದಪ್ಪ ಕೊಳವೆ ಹಾಕಿ ಹೊಟ್ಟೆ ತೊಳೆಯುವುದು ಚಿಕಿತ್ಸೆಯ ಹೆಸರಿನ ಶಿಕ್ಷೆ. ಕುಡಿದು ಒಂದು ಗಂಟೆ ಕಳೆದ ಮೇಲೆ ಹೊಟ್ಟೆ ತೊಳೆಯುವುದರಿಂದ ಲಾಭ ತೀರ ಕಡಿಮೆ. ಉಸಿರುನಾಳಕ್ಕೆ ರಕ್ಷಣೆ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಸೀಮೆಎಣ್ಣೆ, ಆಸಿಡ್ ಕುಡಿದವರಿಗಂತೂ ಮಾಡಲೇಬಾರದು.

ಕೀಟನಾಶಕದ ವಿಷ ಇಳಿಸಲು ಕೊಡುವ ಅಟ್ರೊಪಿನ್ ಏರಿದಂತೆ ರೋಗಿಗೆ ಗೊಂದಲ ಹಿಡಿಯಬಹುದು. ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾರೆ, ಬಟ್ಟೆ ಕಿತ್ತೆಸೆಯುತ್ತಾರೆ, ಎದ್ದು ಓಡಲು ನೋಡುತ್ತಾರೆ. ಹುಚ್ಚು ಹಿಡಿದಿದೆ ಎಂದು ಪಕ್ಕದ ಹಾಸಿಗೆಯವರು ನಗಬಹುದು, ಮನೆಯವರು ಹೆದರಬಹುದು. ಇದು ಔಷಧದ ಪರಿಣಾಮ, ಇಳಿಯುತ್ತದೆ ಎಂದು ಮೊದಲೇ ತಿಳಿಸಿ. ವೈದ್ಯರಿಗೆ ಹೇಳಿ ಪ್ರಮಾಣ ಮರುಪರಿಶೀಲಿಸಿ. ಕೈ ಕಟ್ಟುವುದು ಕೊನೆಯ ದಾರಿ. ಕಟ್ಟಲೇಬೇಕಾದರೆ ಮೆತ್ತನೆಯ ಬಟ್ಟೆಯಿಂದ, ಎರಡು ಬೆರಳು ಹೋಗುವಷ್ಟು ಸಡಿಲವಾಗಿ ಕಟ್ಟಿ, ಹದಿನೈದು ನಿಮಿಷಕ್ಕೊಮ್ಮೆ ಬೆರಳಿನ ಬಣ್ಣ ನೋಡಿ. ಕಟ್ಟಿದ ಹೊತ್ತನ್ನೂ ಬಿಚ್ಚಿದ ಹೊತ್ತನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಬಿದ್ದ ಚಾದರವನ್ನು ಎಷ್ಟು ಸಲ ಬಿದ್ದರೂ ಮತ್ತೆ ಹೊದಿಸಿ.

ಹಾವು ಕಚ್ಚಿದವರ ಮನೆಯವರನ್ನು ಮಂತ್ರ, ನಾಟಿ ಮದ್ದಿಗೆ ಹೋಗಿದ್ದಕ್ಕಾಗಿ ಬೈಯಬೇಡಿ. ಬೈದರೆ ಏನು ಕುಡಿಸಿದರು, ಎಲ್ಲಿ ಕೊಯ್ದರು, ಎಷ್ಟು ಹೊತ್ತು ಕಟ್ಟಿದ್ದರು ಎಂಬುದನ್ನು ಮುಚ್ಚಿಡುತ್ತಾರೆ. ನಿಮಗೆ ಬೇಕಾದದ್ದು ಅದೇ.

ಹಂತ 7: ದೌರ್ಜನ್ಯಕ್ಕೊಳಗಾದವರು, ಸುಟ್ಟು ಬಂದವರು

ಲೈಂಗಿಕ ದೌರ್ಜನ್ಯಕ್ಕೊಳಗಾದವರನ್ನು ನೋಂದಣಿ ಸಾಲಿನಲ್ಲಿ ನಿಲ್ಲಿಸಬೇಡಿ, ಹೆಸರನ್ನು ಗಟ್ಟಿಯಾಗಿ ಕೂಗಬೇಡಿ. ನೇರವಾಗಿ ಬಾಗಿಲಿರುವ ಕೋಣೆಗೆ ಕರೆದೊಯ್ಯಿರಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ. ಎಫ್‌ಐಆರ್ ತನ್ನಿ ಎಂದು ವಾಪಸು ಕಳುಹಿಸುವಂತಿಲ್ಲ. ಪರೀಕ್ಷೆಯ ಪ್ರತಿ ಭಾಗಕ್ಕೂ ಮೊದಲು ಕೇಳಿ, ಬೇಡವೆಂದರೆ ನಿಲ್ಲಿಸಿ. ಯೋನಿಯೊಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹುಡುಗಿಯಾದರೆ ಮಹಿಳಾ ವೈದ್ಯರೇ ನೋಡಬೇಕು, ಆಕೆ ನಂಬುವ ಒಬ್ಬರು ಜೊತೆಗಿರಬೇಕು. ಎಚ್‌ಐವಿ ತಡೆಯ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭನಿರೋಧಕ ಮಾತ್ರೆಯೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಆಕೆಯ ಬಟ್ಟೆ ಸಾಕ್ಷ್ಯಕ್ಕೆ ಹೋಗುತ್ತದೆ. ಬುಟ್ಟಿಯಲ್ಲಿಟ್ಟ ನೈಟಿ ಬೇಕಾಗುವುದು ಆಗಲೇ.

ಸುಟ್ಟು ಬಂದ ಹೆಣ್ಣುಮಗಳ ಹಾಸಿಗೆಯ ಸುತ್ತ ಗಂಡ, ಅತ್ತೆ, ನಾದಿನಿ ನಿಂತಿದ್ದರೆ ಒಲೆ ಸಿಡಿಯಿತು ಎಂಬುದಷ್ಟೇ ಉತ್ತರವಾಗಿ ಬರುತ್ತದೆ. ಡ್ರೆಸ್ಸಿಂಗ್ ಮಾಡಬೇಕು ಎಂಬ ನೆಪದಲ್ಲಿ ಎಲ್ಲರನ್ನೂ ಹೊರಗೆ ಕಳುಹಿಸಿ, ಮಹಿಳಾ ಸಿಬ್ಬಂದಿ ಒಬ್ಬರೇ ಕೇಳಲಿ. ತವರಿನವರಿಗೆ ಕರೆ ಹೋಗಿದೆಯೇ ಎಂದೂ ಕೇಳಿ. ಮರಣ ಪೂರ್ವ ಹೇಳಿಕೆಯ ಹೊತ್ತಿನಲ್ಲಿ ಸಂಬಂಧಿಕರು ಯಾರೂ ಒಳಗಿರಬಾರದು.

ಹಂತ 8: ಕಾಯುವ ಹೊತ್ತು

ರೋಗಿಗಳು ಆಮೇಲೆ ನೆನಪಿಟ್ಟುಕೊಳ್ಳುವುದು ಈ ಹೊತ್ತನ್ನು. ನಾಲ್ಕು ವಿಷಯ ಗಂಟೆಗೊಮ್ಮೆ ಕೇಳಿ: ನೋವು ಎಷ್ಟಿದೆ, ಮೂತ್ರಕ್ಕೆ ಹೋಗಬೇಕೇ, ಬಾಯಿ ಒಣಗಿದೆಯೇ, ಚಳಿಯೋ ಸೆಕೆಯೋ. ನೋವಿನ ಔಷಧ ಕೊಟ್ಟರೆ ರೋಗ ಮರೆಯಾಗುತ್ತದೆ ಎಂಬುದು ಹಳೆಯ ನಂಬಿಕೆ. ಹೊಟ್ಟೆನೋವಿನವರಿಗೂ ಮೊದಲೇ ಕೊಡಬಹುದು. ನೀರು ಕೊಡುವಂತಿಲ್ಲದಿದ್ದರೆ ಕಾರಣ ಹೇಳಿ, ಒದ್ದೆ ಗಾಜ್‌ನಿಂದ ತುಟಿ ನೆನೆಸಿ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದ ದಿನಗಳಲ್ಲಿ ಬಿಸಿಲಾಘಾತವಾಗಿ ಬಂದವರ ಬಟ್ಟೆ ತೆಗೆಯಲೇಬೇಕಾಗುತ್ತದೆ. ಅವರ ಮೇಲೆ ತೆಳುವಾದ ಒದ್ದೆ ಬಟ್ಟೆ ಹಾಸಿ ಫ್ಯಾನ್ ಹಚ್ಚಿ. ಮೈ ತಣಿಯುತ್ತದೆ, ಮಾನವೂ ಉಳಿಯುತ್ತದೆ.

ಎಚ್ಚರಿಕೆಯ ಗುರುತು: ಟ್ರಾಲಿ ತಳ್ಳಲು, ಬೆಡ್‌ಪ್ಯಾನ್ ಕೊಡಲು ಚಹಾ ಕಾಸು ಕೇಳಲಾಗುತ್ತಿದೆ ಎಂಬ ದೂರು. ಒಮ್ಮೆ ಕಿವಿಗೆ ಬಿದ್ದರೂ ಆ ದಿನವೇ ವಿಚಾರಿಸಿ.

ರೆಫರ್ ಮಾಡುವಾಗ ಎಲ್ಲಿಗೆ, ಏಕೆ, ಅಲ್ಲಿ ಏನಿದೆ, ಇಲ್ಲಿ ಏನಿಲ್ಲ ಎಂದು ರೋಗಿಗೇ ಹೇಳಿ. ಯಾದಗಿರಿಯಿಂದ ಕಲಬುರಗಿಗೆ, ಬೀದರಿನಿಂದ ಹೈದರಾಬಾದಿಗೆ ಗಂಟೆಗಟ್ಟಲೆ ದಾರಿ. ಹೊರಡುವ ಮುನ್ನ ಮೂತ್ರಕ್ಕೆ ಕಳುಹಿಸಿ, ನೋವಿನ ಔಷಧ ಕೊಡಿ, ಒದ್ದೆಯಾದ ಚಾದರ ಬದಲಿಸಿ, ಆ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯೇ ಕೇಳಿ. ಮನೆಯವರಿಗೆ ಈವರೆಗೆ ಏನು ತಿಳಿಸಿದ್ದೀರಿ ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ.

ಹಂತ 9: ಸಾವು

ಸುದ್ದಿಯನ್ನು ವೈದ್ಯರೇ ಹೇಳಬೇಕು, ಕುಳಿತು ಹೇಳಬೇಕು, ಅವರನ್ನೂ ಕೂರಿಸಿ ಹೇಳಬೇಕು. ಕಾಯ್ದಿರಿಸಿದ ಕುರ್ಚಿಗಳು ಇದಕ್ಕೇ. ನೇರವಾದ ಇಸಿಜಿ ಗೆರೆಯ ಕಾಗದವನ್ನು ಕೈಗಿಟ್ಟು ಹೋಗುವುದು, ವಾರ್ಡ್ ಸಹಾಯಕನ ಬಾಯಿಂದ ಹೇಳಿಸುವುದು, ಪ್ರಾಣ ಹೋದ ಮೇಲೂ "ಸೀರಿಯಸ್ ಇದೆ" ಎನ್ನುತ್ತ ಹೊತ್ತು ಕಳೆಯುವುದು ಎಲ್ಲವೂ ತಪ್ಪು. "ನಿಮ್ಮ ತಂದೆಯವರು ತೀರಿಕೊಂಡಿದ್ದಾರೆ" ಎಂದು ಸ್ಪಷ್ಟವಾಗಿ ಹೇಳಿ ಸುಮ್ಮನಿರಿ. ಅವರು ಅಳಲಿ. ತಡಮಾಡಿ ತಂದಿರಿ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು.

ಒಳಗೆ ಕರೆಯುವ ಮೊದಲು ಮುಖ ಒರೆಸಿ, ಕಣ್ಣು ಮುಚ್ಚಿ, ಗಲ್ಲ ಕಟ್ಟಿ, ರಕ್ತದ ಚಾದರ ಬದಲಿಸಿ. ಎಂಎಲ್‌ಸಿ ಪ್ರಕರಣವಾದರೆ ಕೊಳವೆಗಳನ್ನು ಮರಣೋತ್ತರ ಪರೀಕ್ಷೆಗಾಗಿ ಹಾಗೇ ಬಿಡಬೇಕು. ಏಕೆ ಬಿಟ್ಟಿದ್ದೀರಿ ಎಂದು ಮನೆಯವರಿಗೆ ಹೇಳಿ, ಚಾದರದಿಂದ ಮರೆಮಾಡಿ.

ಸಂಸ್ಕಾರದ ಪದ್ಧತಿ ಕೇಳುವುದು ಇಲ್ಲಿ ಬರೀ ಸೌಜನ್ಯವಲ್ಲ. ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲಿ ಮಣ್ಣು ಮಾಡುತ್ತಾರೆ. ಸತ್ತ ಎರಡು ಮೂರು ಗಂಟೆಗೆ ದೇಹ ಸೆಟೆಯಲು ಶುರುವಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಕಾಲ ಹೆಬ್ಬೆರಳು ಕಟ್ಟಿ ನೀಟಾಗಿ ಚಾಚಿ ಕೊಟ್ಟರೆ ಊರಲ್ಲಿ ಮನೆಯವರು ಕೀಲು ಮುರಿಯುವಷ್ಟು ಒದ್ದಾಡಬೇಕಾಗುತ್ತದೆ. ಮೊದಲೇ ಕೇಳಿ, ಕಾಗದಪತ್ರ ಬೇಗ ಮುಗಿಸಿ. ಮುಸ್ಲಿಂ ಕುಟುಂಬಗಳು ತಡಮಾಡದೆ ದಫನ್ ಮಾಡಲು ಬಯಸುತ್ತವೆ. ಮುಖ ಪಶ್ಚಿಮದ ಕಡೆ ತಿರುಗಿಸಲು ಕೇಳಿದರೆ ಟ್ರಾಲಿ ತಿರುಗಿಸಿ ಕೊಡಿ. ಮರಣೋತ್ತರ ಪರೀಕ್ಷೆಗೆ ಎಷ್ಟು ಹೊತ್ತು ಆಗುತ್ತದೆ, ಯಾವ ಸಹಿ ಬೇಕು ಎಂದು ನಿಖರವಾಗಿ ಹೇಳಿ.

ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಬಾಕಿ ಬಿಲ್ಲಿಗಾಗಿ ಶವ ತಡೆಹಿಡಿಯುವಂತಿಲ್ಲ. ಬಿಲ್ಲಿಂಗ್ ಕೌಂಟರಿನವರು ಬೇರೆ ಹೇಳಿದರೆ ಇದನ್ನು ಅವರ ಮುಂದೆಯೇ ಹೇಳಿ.

ಹಂತ 10: ಪಾಳಿ ಒಪ್ಪಿಸುವಾಗ

ನಾಡಿ, ರಕ್ತದೊತ್ತಡದ ಜೊತೆಗೆ ಪ್ರತಿ ಹಾಸಿಗೆಗೂ ಇವನ್ನೂ ಹೇಳಿ: ರೋಗಿಯ ಹೆಸರು, ಆಡುವ ಭಾಷೆ, ಮನೆಯವರಿಗೆ ಏನು ಗೊತ್ತು, ಏನು ಗೊತ್ತಿಲ್ಲ. ಎಚ್‌ಐವಿ ಇದೆ, ಬಸುರಿ, ವಿಷ ಕುಡಿದವಳು ಎಂಬ ವಿವರಗಳನ್ನು ಹಾಸಿಗೆಯ ಪಕ್ಕ ನಿಂತು ಗಟ್ಟಿಯಾಗಿ ಹೇಳಬೇಡಿ. ಶೀಟಿನ ಮೇಲೆ ಬೆರಳಿಟ್ಟು ತೋರಿಸಿ.

ಕೊನೆಗೆ ಬುಟ್ಟಿ ನೋಡಿ. ಪಾಳಿಯಲ್ಲಿ ಎಷ್ಟು ಚಾದರ, ಎಷ್ಟು ನೈಟಿ ಖರ್ಚಾಯಿತು ಎಂದು ಬರೆದು ಸ್ಟೋರಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ. ಸ್ಟೋರಿನವರು ತಿಂಗಳಿಗೆ ಇಷ್ಟೇ ಎಂದರೆ ಆ ಲೆಕ್ಕದ ಪುಸ್ತಕವನ್ನೇ ವೈದ್ಯಕೀಯ ಅಧೀಕ್ಷಕರ ಮೇಜಿನ ಮೇಲಿಡಿ. ಬಾಯಿಮಾತಿನ ಬೇಡಿಕೆಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ.